ಕಹಳೆಯ ಬಾಯಿ, ಕಾಗದದ ಶಂಕು

ಊರ ದೇವರ ಜಾತ್ರೆಯ ದಿನ, ಬೆಳಕು ಹರಿಯುವ ಮುನ್ನವೇ, ದೇವಸ್ಥಾನದ ಮಾಳಿಗೆಯಿಂದಲೋ ಅರಳಿಯ ಮರದ ಕೊಂಬೆಯಿಂದಲೋ ಹಾಡು ಕೇಳಿಬರತೊಡಗುತ್ತದೆ. ದೂರದ ಹೊಲದಲ್ಲಿ ನೀರು ಹಾಯಿಸುತ್ತಿರುವವನಿಗೂ ಅದರ ಒಂದೊಂದು ಮಾತೂ ಸ್ಪಷ್ಟ. ಹೂವಿನಂತೆ ಬಾಯ್ದೆರೆದ ಆ ಬೂದುಬಣ್ಣದ ತಗಡಿನ ಕಹಳೆಯನ್ನು ನೋಡದವರು ನಮ್ಮ ನಾಡಿನಲ್ಲಿ ವಿರಳ. ಅದೇ ಹಾಡನ್ನು ನಾವು ಮನೆಯಲ್ಲಿ ಕೇಳಬಯಸಿದಾಗ ಕಹಳೆಯ ಗೊಡವೆಗೆ ಹೋಗುವುದಿಲ್ಲ. ಗೂಡಿನ ಮೇಲಿರುವ ಮರದ ಪೆಟ್ಟಿಗೆಯೊಂದರ ಕಡೆಗೆ ತಿರುಗುತ್ತೇವೆ. ಅದರೊಳಗೆ ಇರುವುದು ಕಾಗದದ ಒಂದು ಶಂಕು.

ಈ ಎರಡೂ ಮಾಡುವ ಕೆಲಸ ಒಂದೇ. ವಿದ್ಯುತ್ತಿನ ಏರಿಳಿತವನ್ನು ಗಾಳಿಯ ಏರಿಳಿತವನ್ನಾಗಿ ಮಾರ್ಪಡಿಸುವುದೇ ಆ ಕೆಲಸ. ಹಾಗಿದ್ದಮೇಲೆ ಇವುಗಳ ರೂಪದಲ್ಲಿ ಇಷ್ಟು ಅಂತರವೇಕೆ? ಕಹಳೆಯೆಂದರೆ ಕರ್ಕಶವೆಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ ಬೀರುವಿನಷ್ಟು ದೊಡ್ಡದಾದ ಕಹಳೆಗಳನ್ನು ಮನೆಯ ಮೂಲೆಯಲ್ಲಿರಿಸಿಕೊಂಡು, ಸಂಗೀತವನ್ನು ಇದರಲ್ಲಿಯೇ ಕೇಳಬೇಕು ಎನ್ನುವ ರಸಿಕರೂ ಜಗತ್ತಿನಲ್ಲಿ ಇದ್ದಾರೆ. ಇವರಲ್ಲಿ ಯಾರ ಮಾತು ನಿಜ? ಕೂಡಿಟ್ಟ ಹಣದಿಂದ ಒಂದು ಜೊತೆ ಧ್ವನಿವರ್ಧಕಗಳನ್ನು ಕೊಳ್ಳಲು ಹೊರಟ ವಿದ್ಯಾರ್ಥಿಯು ಅಂಗಡಿಯವನ ಮಾತನ್ನು ನಂಬಬೇಕೆ, ತನ್ನ ಕಿವಿಯನ್ನು ನಂಬಬೇಕೆ? ಈ ಪ್ರಶ್ನೆಗಳಿಗೆ ಭೌತಶಾಸ್ತ್ರವು ಕೊಡುವ ಉತ್ತರವನ್ನು ನಾವು ಇಲ್ಲಿ ವಿಚಾರಮಾಡೋಣ.

ಗಾಳಿಯನ್ನು ತಳ್ಳುವ ಕಷ್ಟ

ಧ್ವನಿವರ್ಧಕದ ಹೃದಯವೆಂದರೆ ಅಯಸ್ಕಾಂತದ ಧ್ರುವಗಳ ನಡುವೆ ತೂಗಿರುವ ತಂತಿಯ ಸುರುಳಿ. ಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ಕಾಂತಕ್ಷೇತ್ರವು ಅದನ್ನು ಮುಂದಕ್ಕೋ ಹಿಂದಕ್ಕೋ ನೂಕುತ್ತದೆ; ಸುರುಳಿಗೆ ಅಂಟಿಕೊಂಡಿರುವ ಪಟಲವೂ ಅದರೊಡನೆ ಚಲಿಸಿ ಗಾಳಿಯನ್ನು ಅಲುಗಿಸುತ್ತದೆ. ಇಂತಹ ಚಲಿಸುವ ಸುರುಳಿಗೆ ಆಲಿವರ್ ಲಾಡ್ಜನು ೧೮೯೮ರಲ್ಲಿಯೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದನು.

ಆದರೆ ಗಾಳಿಯನ್ನು ಅಲುಗಿಸುವುದು ನಾವೆಣಿಸಿದಷ್ಟು ಸುಲಭವಲ್ಲ. ಒಂದು ಲೀಟರ್ ಗಾಳಿಯ ತೂಕ ಸುಮಾರು ೧.೨ ಗ್ರಾಂ ಮಾತ್ರ. ಬಲಶಾಲಿಯೊಬ್ಬನು ತೇಲುವ ಹತ್ತಿಯ ಎಳೆಯನ್ನು ಮುಷ್ಟಿಯಿಂದ ಗುದ್ದಿದರೆ ಅವನ ಶಕ್ತಿಯೆಲ್ಲವೂ ತನ್ನ ತೋಳನ್ನು ಬೀಸುವುದರಲ್ಲಿಯೇ ವ್ಯಯವಾಗುವುದಷ್ಟೆ. ಅಂತೆಯೇ ಭಾರವಾದ ಪಟಲವು ಹಗುರವಾದ ಗಾಳಿಯನ್ನು ನೂಕಿದಾಗ ಎದುರಿನ ಗಾಳಿ ಒತ್ತಡಕ್ಕೆ ಒಳಗಾಗದೆ ಪಕ್ಕಕ್ಕೆ ಸರಿದುಕೊಳ್ಳುತ್ತದೆ. ತರಂಗದೂರಕ್ಕೆ ಹೋಲಿಸಿದರೆ ಪಟಲವು ಚಿಕ್ಕದಾದಷ್ಟೂ ಈ ನುಣುಚುವಿಕೆ ಹೆಚ್ಚು. ಇದರ ಫಲವಾಗಿ, ಮನೆಗಳಲ್ಲಿ ಬಳಸುವ ಸಾಮಾನ್ಯ ಧ್ವನಿವರ್ಧಕವು ತನಗೆ ಒದಗಿದ ವಿದ್ಯುಚ್ಛಕ್ತಿಯಲ್ಲಿ ನೂರಕ್ಕೆ ಒಂದರ ಆಸುಪಾಸಿನ ಪಾಲನ್ನು ಮಾತ್ರ ಧ್ವನಿಯಾಗಿ ಮಾರ್ಪಡಿಸುತ್ತದೆ. ಉಳಿದುದೆಲ್ಲವೂ ಸುರುಳಿಯನ್ನು ಬಿಸಿಮಾಡಿ ನಷ್ಟವಾಗುತ್ತದೆ.

ಕಹಳೆಯ ಗುಟ್ಟು

ಹೊಲದ ಆಚೆ ಬದಿಯಲ್ಲಿರುವವನನ್ನು ಕೂಗುವಾಗ ನಾವು ಅಂಗೈಗಳನ್ನು ಬಾಯ ಸುತ್ತ ಮರೆಮಾಡಿಕೊಳ್ಳುವುದುಂಟು. ಕಹಳೆಯ ತತ್ತ್ವವೆಲ್ಲವೂ ಈ ಒಂದು ಅಭ್ಯಾಸದಲ್ಲಿ ಅಡಗಿದೆ. ಪಟಲದ ಮುಂದೆ ಇಕ್ಕಟ್ಟಾದ ಕೊಳವೆಯೊಂದಿದ್ದರೆ ಅಲ್ಲಿನ ಗಾಳಿಗೆ ಪಕ್ಕಕ್ಕೆ ಸರಿಯಲು ಎಡೆಯಿಲ್ಲ. ಅದು ಒತ್ತಡವನ್ನು ತಾಳಿಕೊಂಡು ಮುಂದಕ್ಕೇ ಚಲಿಸಬೇಕು. ಕೊಳವೆಯು ಕ್ರಮವಾಗಿ ಅಗಲವಾಗುತ್ತ ಹೋದಂತೆ, ಕಂಠದಲ್ಲಿದ್ದ ಹೆಚ್ಚಿನ ಒತ್ತಡವು ಬಾಯಿಯ ಬಳಿ ವಿಶಾಲವಾದ ಗಾಳಿಯ ಹಾಸಿನ ಮೃದುವಾದ ಚಲನೆಯಾಗಿ ಪರಿಣಮಿಸುತ್ತದೆ. ಸೈಕಲ್ಲಿನ ಹಲ್ಲುಚಕ್ರಗಳು ಕಾಲಿನ ಬಲವನ್ನು ಗಾಲಿಗೆ ಹೊಂದಿಸುವಂತೆಯೂ, ಟ್ರಾನ್ಸ್‌ಫಾರ್ಮರು ಒಂದು ಮಂಡಲದ ವಿದ್ಯುತ್ತನ್ನು ಇನ್ನೊಂದಕ್ಕೆ ಹೊಂದಿಸುವಂತೆಯೂ ಕಹಳೆಯು ಭಾರವಾದ ಪಟಲವನ್ನು ಹಗುರವಾದ ಗಾಳಿಗೆ ಹೊಂದಿಸುತ್ತದೆ. ಚೆನ್ನಾಗಿ ರಚಿಸಿದ ಕಹಳೆಯ ದಕ್ಷತೆಯು ನೂರಕ್ಕೆ ೨೫ನ್ನೂ ಮೀರಬಲ್ಲುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಕಹಳೆಯು ತಾನಾಗಿ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಪೋಲಾಗುತ್ತಿದ್ದ ಶಕ್ತಿಯನ್ನು ಕೆಲಸಕ್ಕೆ ಹಚ್ಚುವುದಷ್ಟೇ ಅದರ ಹಿರಿಮೆ.

ವಿದ್ಯುತ್ತಿನ ಸಹಾಯವಿಲ್ಲದೆ ಬರಿಯ ಸೂಜಿಯ ಅಲುಗಾಟದಿಂದ ಹಾಡುತ್ತಿದ್ದ ಗ್ರಾಮಫೋನಿಗೆ ಕಹಳೆ ಅನಿವಾರ್ಯವಾಗಿದ್ದುದು ಇದೇ ಕಾರಣದಿಂದ. ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್ಹ್ಯಾಮ್ ಎಂಬುವರು ಚಲಿಸುವ ಸುರುಳಿಗೆ ಗ್ರಾಮಫೋನಿನ ಕಹಳೆಯನ್ನು ಜೋಡಿಸಿ ೧೯೧೫ರಲ್ಲಿ ಸಾರ್ವಜನಿಕ ಪ್ರದರ್ಶನ ನಡೆಸಿದರು. ೧೯೧೯ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರು ಸ್ಯಾನ್ ಡಿಯಾಗೊ ನಗರದಲ್ಲಿ ಸಾವಿರಾರು ಜನರನ್ನು ಕುರಿತು ಇಂತಹ ಸಾಧನದ ನೆರವಿನಿಂದಲೇ ಮಾತನಾಡಿದರು. ಅದೇ ವರ್ಷ ಎ. ಜಿ. ವೆಬ್‌ಸ್ಟರ್ ಎಂಬ ಭೌತವಿಜ್ಞಾನಿಯು ಕಹಳೆಯ ಗಣಿತವನ್ನು ಪ್ರಕಟಿಸಿದನು. ೧೯೨೪ರಲ್ಲಿ ಹ್ಯಾನಾ ಮತ್ತು ಸ್ಲೇಪಿಯನ್ ಎಂಬುವರು, ಕಹಳೆಯು ಘಾತೀಯ ಕ್ರಮದಲ್ಲಿ ಅಗಲವಾಗುವುದರ ಅನುಕೂಲಗಳನ್ನು ವಿವರಿಸಿದರು. ಘಾತೀಯವೆಂದರೆ, ಸಮನಾದ ಪ್ರತಿಯೊಂದು ದೂರಕ್ಕೂ ವಿಸ್ತೀರ್ಣವು ಒಂದೇ ಪ್ರಮಾಣದಲ್ಲಿ ಮಡಿಗೊಳ್ಳುವುದು. ಚಕ್ರಬಡ್ಡಿಯ ಸಾಲ ಬೆಳೆಯುವ ರೀತಿಯೂ ಇದೇ.

ಒಂದು ಚಿಕ್ಕ ಲೆಕ್ಕ

ಇಷ್ಟೊಂದು ಗುಣವಿರುವ ಕಹಳೆಯು ಎಲ್ಲರ ಮನೆಯಲ್ಲಿಯೂ ಏಕಿಲ್ಲ? ಕಾಗದ ಪೆನ್ಸಿಲು ಹಿಡಿದು ಲೆಕ್ಕಹಾಕಿದರೆ ಕಾರಣವು ತಾನೇ ಗೋಚರಿಸುವುದು.

ಘಾತೀಯ ಕಹಳೆಗೆ ಒಂದು ಕೆಳಮಿತಿ ಉಂಟು. ಆ ಮಿತಿಗಿಂತ ಕೆಳಗಿನ ಸ್ವರಗಳನ್ನು ಅದು ಹೊರಸೂಸಲಾರದು. ಕಹಳೆಯು ಎಷ್ಟು ನಿಧಾನವಾಗಿ ಅರಳುವುದೋ ಮಿತಿಯು ಅಷ್ಟು ಕೆಳಗಿಳಿಯುತ್ತದೆ. ಸೆಕೆಂಡಿಗೆ ೫೦ ಕಂಪನಗಳಿರುವ ತಗ್ಗು ಸ್ವರದವರೆಗೆ ನಮಗೆ ಬೇಕೆಂದುಕೊಳ್ಳೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ೩೪೩ ಮೀಟರ್. ಈ ಸಂಖ್ಯೆಗಳನ್ನು ಸೂತ್ರಕ್ಕೆ ಅಳವಡಿಸಿದರೆ ಕಹಳೆಯ ವಿಸ್ತೀರ್ಣವು ಪ್ರತಿ ೩೮ ಸೆಂಟಿಮೀಟರಿಗೊಮ್ಮೆ ಇಮ್ಮಡಿಯಾಗಬೇಕೆಂದು ತಿಳಿಯುತ್ತದೆ, ಅದಕ್ಕಿಂತ ಅವಸರಪಡಬಾರದು.

ಇನ್ನು ಬಾಯಿಯ ಅಗಲ. ಬಾಯಿಯು ಚಿಕ್ಕದಾದರೆ ತರಂಗವು ಹೊರಬೀಳುವಾಗ ಥಟ್ಟನೆ ಎದುರಾಗುವ ಬಯಲಿಗೆ ಹೊಂದಲಾರದೆ ಭಾಗಶಃ ಹಿಂದಿರುಗುತ್ತದೆ. ಇದನ್ನು ತಪ್ಪಿಸಲು ಬಾಯಿಯ ಸುತ್ತಳತೆಯು ಅತಿ ತಗ್ಗು ಸ್ವರದ ಒಂದು ತರಂಗದೂರದಷ್ಟಾದರೂ ಇರಬೇಕೆಂಬುದು ಸ್ಥೂಲವಾದ ನಿಯಮ. ೫೦ ಕಂಪನಗಳ ಸ್ವರಕ್ಕೆ ತರಂಗದೂರವು ೩೪೩ನ್ನು ೫೦ರಿಂದ ಭಾಗಿಸಿದಷ್ಟು, ಎಂದರೆ ಸುಮಾರು ೬.೯ ಮೀಟರ್. ಆದುದರಿಂದ ಬಾಯಿಯ ವ್ಯಾಸವು ೨.೨ ಮೀಟರ್ ಆಗಬೇಕು! ಕಂಠದ ವಿಸ್ತೀರ್ಣ ೫೦ ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅಷ್ಟು ದೊಡ್ಡ ಬಾಯಿಯನ್ನು ಮುಟ್ಟಲು ಹತ್ತಿರ ಹತ್ತಿರ ಹತ್ತು ಸಲ ಇಮ್ಮಡಿಯಾಗಬೇಕು. ಕಹಳೆಯ ಉದ್ದ ಸುಮಾರು ೩.೬ ಮೀಟರ್ ಆಗುತ್ತದೆ. ಇದನ್ನು ಮನೆಯೊಳಗೆ ತರುವುದಕ್ಕಿಂತ ಕಹಳೆಯೊಳಗೇ ಮನೆಮಾಡುವುದು ಮೇಲು!

ಜಾತ್ರೆಯ ಕಹಳೆ ಕರ್ಕಶವೆನಿಸುವುದಕ್ಕೆ ಮುಖ್ಯ ಕಾರಣವು ಈಗ ವೇದ್ಯವಾಗುತ್ತದೆ. ಅರ್ಧ ಮೀಟರಿನ ಬಾಯಿಯುಳ್ಳ ಅದು ತಗ್ಗು ಸ್ವರಗಳನ್ನು ಹಾಡಲೇ ಆರದು. ಮಾತು ದೂರಕ್ಕೆ ಮುಟ್ಟಬೇಕೆಂಬುದೇ ಅದರ ಉದ್ದೇಶ. ಅದಕ್ಕೆ ಬೇಕಾದ ನಡುವಿನ ಸ್ವರಗಳನ್ನು ಮಾತ್ರ ಎತ್ತಿ ಹಿಡಿಯುತ್ತದೆ. ಆ ದೋಷವನ್ನು ಕಹಳೆಯ ಕುಲಕ್ಕೆಲ್ಲ ಅಂಟಿಸುವುದು ನ್ಯಾಯವಲ್ಲ.

ಗಾತ್ರದ ತೊಡಕನ್ನು ಜಾಣತನದಿಂದ ಬಿಡಿಸಿದವನು ಅಮೆರಿಕದ ಅರ್ಕನ್ಸಾ ಪ್ರಾಂತದ ಹೋಪ್ ಎಂಬ ಊರಿನಲ್ಲಿ ನೆಲೆಸಿದ್ದ ಪಾಲ್ ಕ್ಲಿಪ್ಶ್. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಸಂಧಿಸುತ್ತವೆ. ಅಲ್ಲಿಟ್ಟ ಧ್ವನಿವರ್ಧಕವು ಸುತ್ತಣ ಆಕಾಶದ ಎಂಟನೆಯ ಒಂದು ಭಾಗಕ್ಕೆ ಮಾತ್ರ ಧ್ವನಿಯನ್ನು ತುಂಬಿದರೆ ಸಾಕು. ಬಾಯಿಯೂ ಎಂಟನೆಯ ಒಂದರಷ್ಟಿದ್ದರೆ ಸಾಕು. ನಮ್ಮ ಲೆಕ್ಕದ ೩.೮ ಚದರ ಮೀಟರ್ ಬಾಯಿಯು ಅರ್ಧ ಚದರ ಮೀಟರಿಗಿಂತಲೂ ಕಡಮೆಯಾಗಿ, ಉದ್ದವು ೨.೫ ಮೀಟರಿಗೆ ಇಳಿಯುತ್ತದೆ. ಅಷ್ಟನ್ನು ಪೆಟ್ಟಿಗೆಯೊಳಗೆ ಮಡಿಸಿಡಬಹುದು. ಗೋಡೆಗಳೇ ಕಹಳೆಯ ಕೊನೆಯ ಭಾಗವಾಗುವಂತೆ ರಚಿಸಿದ ಕ್ಲಿಪ್ಶನ ಮೂಲೆಕಹಳೆಗೆ ೧೯೪೫ರಲ್ಲಿ ಪೇಟೆಂಟ್ ದೊರೆಯಿತು. ಏಳು ದಶಕಗಳಿಗೂ ಮೀರಿ ಅದು ತಯಾರಾಗುತ್ತ ಬಂದಿದೆ. ಆದರೆ ಅದಕ್ಕೆ ತೆರವಾದ ಎರಡು ಒಳ್ಳೆಯ ಮೂಲೆಗಳು ಬೇಕು. ಅವುಗಳಲ್ಲಿ ಬಾಗಿಲಾಗಲಿ ಕಿಟಕಿಯಾಗಲಿ ಇರಬಾರದು. ನಮ್ಮ ಎಷ್ಟು ಮನೆಗಳಲ್ಲಿ ಅಂತಹ ಮೂಲೆಗಳಿವೆ ಎಂಬುದನ್ನು ವಾಚಕರೇ ಎಣಿಸಿ ನೋಡಬಹುದು.

ಕಹಳೆಯನ್ನು ಕಳಚಿದ ಇಬ್ಬರು

೧೯೨೫ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಎಂಜಿನಿಯರುಗಳು ಕಹಳೆಯಿಲ್ಲದ ಧ್ವನಿವರ್ಧಕವನ್ನು ಕುರಿತು ಪ್ರಬಂಧವೊಂದನ್ನು ಮಂಡಿಸಿದರು. ಇಂದು ನಮ್ಮ ಮನೆಗಳಲ್ಲಿರುವ ಬಹುಪಾಲು ಧ್ವನಿವರ್ಧಕಗಳು ಅದರ ಸಂತತಿಯೇ.

ಅವರ ಯುಕ್ತಿಯು ಮನಗಾಣಬೇಕಾದುದು. ಬರಿಯ ಶಂಕುವಿಗೆ ತಗ್ಗು ಸ್ವರಗಳಲ್ಲಿ ಗಾಳಿಯ ಹಿಡಿತ ಬಹಳ ಕಡಮೆ. ಸ್ವರವು ಏರಿದಂತೆ ಹಿಡಿತವೂ ಏರುತ್ತದೆ. ಇತ್ತ ಶಂಕುವಿನ ಭಾರದ ಕಾರಣ ಅದರ ಚಲನೆಯ ವೇಗವು ಸ್ವರ ಏರಿದಂತೆ ತಗ್ಗುತ್ತ ಹೋಗುತ್ತದೆ. ಶಂಕುವಿನ ಸಹಜ ಕಂಪನವನ್ನು ಕೇಳಬೇಕಾದ ಸ್ವರಗಳಿಗಿಂತ ಕೆಳಗೆ ಇರಿಸಿದರೆ, ಒಂದರ ಏರಿಕೆಯೂ ಇನ್ನೊಂದರ ಇಳಿಕೆಯೂ ಸರಿದೂಗಿ, ಸ್ವರಗಳ ಒಂದು ವಿಶಾಲವಾದ ಹರಹಿನಲ್ಲಿ ಧ್ವನಿಯು ಸಮನಾಗಿ ಹೊರಡುತ್ತದೆ. ಒಂದು ಕೊರತೆಯನ್ನು ಇನ್ನೊಂದು ಕೊರತೆಯಿಂದ ತುಂಬುವ ಈ ಉಪಾಯವು ದಕ್ಷತೆಯನ್ನು ಬಲಿಗೊಟ್ಟಿತು. ಆದರೆ ಸಮತೆಯನ್ನು ಗಳಿಸಿತು.

ಶಂಕುವಿಗೆ ಪೆಟ್ಟಿಗೆಯೇಕೆ? ಶಂಕು ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನದು ಸಡಿಲುತ್ತದೆ. ಎರಡಕ್ಕೂ ನಡುವೆ ತಡೆಯಿಲ್ಲದಿದ್ದರೆ ಅವು ಅಂಚಿನ ಸುತ್ತ ಹರಿದು ಒಂದನ್ನೊಂದು ಅಳಿಸಿಹಾಕುವುವು. ಪೆಟ್ಟಿಗೆಯು ಅವನ್ನು ಅಗಲಿಸುತ್ತದೆ. ೧೯೫೪ರಲ್ಲಿ ಎಡ್ಗರ್ ವಿಲ್ಚರ್ ಎಂಬುವನು ಇನ್ನೊಂದು ಹೆಜ್ಜೆ ಮುಂದಿಟ್ಟನು. ಶಂಕುವಿನ ಅಂಚನ್ನು ಅತಿ ಸಡಿಲವಾಗಿಸಿ, ಮುಚ್ಚಿದ ಚಿಕ್ಕ ಪೆಟ್ಟಿಗೆಯೊಳಗಣ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿದನು. ಗಾಳಿಯ ಸ್ಪ್ರಿಂಗು ಬಟ್ಟೆ ಕಾಗದಗಳ ಸ್ಪ್ರಿಂಗಿಗಿಂತ ಹೆಚ್ಚು ಕ್ರಮಬದ್ಧ. ಅದರಿಂದ ಪುಸ್ತಕದ ಗೂಡಿನಲ್ಲಿ ಹಿಡಿಸುವ ಪೆಟ್ಟಿಗೆಯೂ ಆಳವಾದ ಸ್ವರಗಳನ್ನು ಶುದ್ಧವಾಗಿ ನುಡಿಯುವಂತಾಯಿತು. ಇದಕ್ಕೆ ತೆತ್ತ ಬೆಲೆ ಮತ್ತೆ ದಕ್ಷತೆಯೇ. ಚಿಕ್ಕ ಗಾತ್ರ, ಆಳವಾದ ಸ್ವರ, ಹೆಚ್ಚಿನ ದಕ್ಷತೆ ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನ್ನೂ ಪಡೆಯಲಾಗದು ಎಂಬುದು ಇಲ್ಲಿಯ ನಿಯಮ. ಅದನ್ನು ಎಂಜಿನಿಯರುಗಳು ಹಾಫ್‌ಮನ್ನನ ಕಬ್ಬಿಣದ ನಿಯಮವೆಂದು ಕರೆಯುತ್ತಾರೆ.

ತಕ್ಕಡಿಯಲ್ಲಿಟ್ಟು ನೋಡಿದಾಗ

ಮೊದಲು ಶಕ್ತಿಯ ಪ್ರಶ್ನೆ. ಒಂದು ವಾಟ್ ಶಕ್ತಿಯನ್ನು ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಸಾಮಾನ್ಯ ಪೆಟ್ಟಿಗೆಯು ೮೭ ಡೆಸಿಬೆಲ್ ಧ್ವನಿಯನ್ನೂ ದೊಡ್ಡ ಕಹಳೆಯು ೧೦೩ ಡೆಸಿಬೆಲ್ ಧ್ವನಿಯನ್ನೂ ಕೊಡುತ್ತವೆ ಎಂದಿಟ್ಟುಕೊಳ್ಳೋಣ. ಪ್ರತಿ ೧೦ ಡೆಸಿಬೆಲ್‌ಗೆ ಶಕ್ತಿಯು ಹತ್ತು ಮಡಿಯಾಗುವುದರಿಂದ ೧೬ ಡೆಸಿಬೆಲ್ ಅಂತರವೆಂದರೆ ೪೦ ಮಡಿ. ಸಂಗೀತದ ಅತ್ಯುಚ್ಚ ಕ್ಷಣಗಳಲ್ಲಿ ಕೇಳುಗನ ಆಸನದ ಬಳಿ ೯೬ ಡೆಸಿಬೆಲ್ ಬೇಕು. ಕೋಣೆಯನ್ನೂ ದೂರವನ್ನೂ ಗಣಿಸಿ ೩ ಡೆಸಿಬೆಲ್ ಕುಂದುತ್ತದೆ ಎಂದು ಭಾವಿಸಿದರೆ, ಪೆಟ್ಟಿಗೆಗೆ ೧೬ ವಾಟ್ ಬೇಕು, ಕಹಳೆಗೆ ೦.೪ ವಾಟ್ ಸಾಕು. ವಾಲ್ವುಗಳ ಕಾಲದಲ್ಲಿ ಇದು ಸಾಮಾನ್ಯವಾದ ಅಂತರವಾಗಿರಲಿಲ್ಲ; ಆಗಿನ ಸಿನಿಮಾ ಮಂದಿರಗಳು ಕಹಳೆಯಿಲ್ಲದೆ ನಡೆಯುವಂತೆಯೇ ಇರಲಿಲ್ಲ. ಟ್ರಾನ್ಸಿಸ್ಟರು ಬಂದ ಮೇಲೆ ೧೬ ವಾಟ್ ಎಂಬುದು ಅಗ್ಗವಾಯಿತು. ಆದುದರಿಂದ ಮನೆಯ ಮಟ್ಟಿಗೆ ಕಹಳೆಯ ಮೊದಲನೆಯ ಹಿರಿಮೆಯು ಈಗ ಬಹುಮಟ್ಟಿಗೆ ಸವೆದಿದೆ.

ಎರಡನೆಯದು ವಿಕೃತಿ. ಸ್ವರವು ಒಂದು ಸ್ಥಾಯಿ ಕೆಳಗಿಳಿದಾಗ ಅದೇ ಮಟ್ಟದ ಧ್ವನಿಗಾಗಿ ಬರಿಯ ಶಂಕುವು ನಾಲ್ಕು ಮಡಿ ದೂರ ಚಲಿಸಬೇಕಾಗುತ್ತದೆ. ಕಹಳೆಯ ಪಟಲಕ್ಕೆ ಎರಡು ಮಡಿ ಸಾಕು. ಮೂರು ಸ್ಥಾಯಿ ಇಳಿದರೆ ಶಂಕುವಿಗೆ ೬೪ ಮಡಿ, ಕಹಳೆಗೆ ೮ ಮಡಿ. ಹೆಚ್ಚು ದೂರ ಓಲಾಡುವ ಶಂಕುವಿನ ಸುರುಳಿಯು ಕಾಂತಕ್ಷೇತ್ರದಿಂದ ಹೊರಚಾಚಿ ಧ್ವನಿಯನ್ನು ಕೆಡಿಸುತ್ತದೆ. ಅದೇ ಶಂಕುವಿನ ಮೇಲೆ ಸವಾರಿ ಮಾಡುವ ಮೇಲಿನ ಸ್ವರಗಳೂ ನಡುಗುತ್ತವೆ. ಈ ವಿಷಯದಲ್ಲಿ ಕಹಳೆಯ ಮೇಲ್ಮೆಯು ಇಂದಿಗೂ ನಿಜ. ಅತಿ ಹೆಚ್ಚಿನ ಒತ್ತಡದಲ್ಲಿ ಕಂಠದ ಗಾಳಿಯೇ ವಿಕೃತಿಯನ್ನುಂಟುಮಾಡುವುದಾದರೂ ಮನೆಯ ಮಟ್ಟದಲ್ಲಿ ಅದು ಅಲ್ಪ.

ಮೂರನೆಯದು ಧ್ವನಿಯ ಬಣ್ಣ. ಕಹಳೆಯ ಬಾಯಿಂದ ಹಿಂದಿರುಗುವ ತರಂಗಗಳು ಒಳಗೆ ಅನುರಣನೆಯನ್ನೆಬ್ಬಿಸಿ ಕೆಲವು ಸ್ವರಗಳನ್ನು ಎತ್ತಿ, ಕೆಲವನ್ನು ತಗ್ಗಿಸುತ್ತವೆ. ಮೂಗಿನಿಂದ ಹಾಡಿದಂತೆ ಕೇಳುವುದು ಇದರಿಂದಲೇ. ನಮ್ಮ ಮೃದಂಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಬಲಮುಖದ ಕಪ್ಪು ಕರಣೆಯು ಚರ್ಮದ ಉಪಸ್ವರಗಳನ್ನು ಶ್ರುತಿಗೆ ಹೊಂದಿಸುವುದನ್ನು ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ ಅವರು ೧೯೨೦ರಲ್ಲಿಯೇ ತೋರಿಸಿದ್ದರು. ತಲೆಮಾರುಗಳ ವಾದ್ಯಗಾರರು ಸಾಧಿಸಿದ ಆ ಸೂಕ್ಷ್ಮವಾದ ಹೊಂದಿಕೆಯ ಮೇಲೆ ಧ್ವನಿವರ್ಧಕವು ತನ್ನದೇ ನಾದವನ್ನು ಹೇರಿದರೆ ನಾವು ಕೇಳುವುದು ಮೃದಂಗವನ್ನಲ್ಲ, ಕಹಳೆಯನ್ನು. ಪೆಟ್ಟಿಗೆಯೂ ಈ ದೋಷಕ್ಕೆ ಹೊರತಲ್ಲ. ತೆಳು ಹಲಗೆಯ ಪೆಟ್ಟಿಗೆಯು ತಾನೂ ಹಾಡತೊಡಗುತ್ತದೆ.

ನಾಲ್ಕನೆಯದು ದಿಕ್ಕು. ೨೦ ಸೆಂಟಿಮೀಟರ್ ಅಗಲದ ಶಂಕುವು ಸೆಕೆಂಡಿಗೆ ೧,೭೦೦ ಕಂಪನಗಳನ್ನು ದಾಟಿದ ಮೇಲೆ ಟಾರ್ಚಿನಂತೆ ನೇರವಾಗಿ ಮಾತ್ರ ಧ್ವನಿಯನ್ನು ಬೀರತೊಡಗುತ್ತದೆ. ಏಕೆಂದರೆ ಅಲ್ಲಿ ತರಂಗದೂರವು ಶಂಕುವಿನ ಅಗಲಕ್ಕೆ ಸಮನಾಗುತ್ತದೆ. ಮೇಲಿನ ಸ್ವರಗಳನ್ನು ೨.೫ ಸೆಂಟಿಮೀಟರಿನ ಚಿಕ್ಕ ಪಟಲಕ್ಕೆ ವಹಿಸಿಕೊಟ್ಟರೆ ಅದು ಎಲ್ಲ ಕಡೆಗೂ ಚೆಲ್ಲುತ್ತದೆ. ಕೈಬದಲಾಗುವ ಸ್ಥಳದಲ್ಲಿ ಹೀಗೆ ಒಂದು ಬಿರುಕು. ಕಹಳೆಯ ಗೋಡೆಗಳಾದರೋ ಧ್ವನಿಯನ್ನು ಬೇಕಾದ ಕೋನದೊಳಗೆ ಹಿಡಿದಿಡಬಲ್ಲವು. ಆದುದರಿಂದ ಪಕ್ಕದ ಗೋಡೆಗಳ ಪ್ರತಿಫಲನ ಕಡಮೆಯಾಗಿ ಹಾಡು ಹತ್ತಿರವೂ ಸ್ಫುಟವೂ ಆಗಿ ಕೇಳುತ್ತದೆ. ೧೯೭೫ರಲ್ಲಿ ಡಿ. ಬಿ. ಕೀಲ್ ಎಂಬುವನು ಘಾತೀಯ ಆಕಾರಕ್ಕೇ ಅಂಟಿಕೊಳ್ಳಬೇಕಾಗಿಲ್ಲವೆಂದು ವಾದಿಸಿ, ಎಲ್ಲ ಸ್ವರಗಳಿಗೂ ಒಂದೇ ಕೋನವನ್ನು ಕಾಯ್ದುಕೊಳ್ಳುವ ಕಹಳೆಗಳ ದಾರಿ ತೋರಿದನು.

ಇದರ ಫಲ ಕುತೂಹಲಕರವಾಗಿದೆ. ಇಂದಿನ ಅನೇಕ ಪೆಟ್ಟಿಗೆಗಳಲ್ಲಿ ಮೇಲಿನ ಸ್ವರಗಳ ಚಿಕ್ಕ ಪಟಲವನ್ನು ಆಳವಿಲ್ಲದ ಬಟ್ಟಲಿನಂತಹ ಕುಳಿಯಲ್ಲಿ ಕೂರಿಸಿರುತ್ತಾರೆ. ಅದು ಅಲಂಕಾರವಲ್ಲ, ಮೊಟಕಾದ ಕಹಳೆಯೇ. ಹೀಗೆ ತಗ್ಗು ಸ್ವರಕ್ಕೆ ಪೆಟ್ಟಿಗೆ, ಮೇಲಿನ ಸ್ವರಕ್ಕೆ ಕಹಳೆ ಎಂಬ ರಾಜಿಯು ಸದ್ದಿಲ್ಲದೆ ಏರ್ಪಟ್ಟಿದೆ. ಮೇಲಿನ ಸ್ವರಗಳ ತರಂಗದೂರವು ಕೆಲವೇ ಸೆಂಟಿಮೀಟರುಗಳಾದ್ದರಿಂದ ಅಲ್ಲಿ ಕಹಳೆಗೆ ಗಾತ್ರದ ತೊಡಕೂ ಇಲ್ಲ.

ಕಿವಿಯು ಮಾಡುವ ಮೋಸ

ಅಂಗಡಿಯಲ್ಲಿ ಎರಡು ಧ್ವನಿವರ್ಧಕಗಳನ್ನು ಒಂದಾದಮೇಲೊಂದು ನುಡಿಸಿ ತೋರಿಸುತ್ತಾರೆ. ಆಂಪ್ಲಿಫೈಯರಿನ ಗುಂಡಿಯನ್ನು ತಿರುಗಿಸದೆ ಬಿಟ್ಟರೆ ಹೆಚ್ಚು ದಕ್ಷವಾದುದು ಜೋರಾಗಿ ಕೇಳುತ್ತದೆ. ಜೋರಾಗಿ ಕೇಳಿದುದು ಉತ್ತಮವೆಂದು ತೋರುವುದು ಕಿವಿಯ ಸ್ವಭಾವ. ಒಂದು ಡೆಸಿಬೆಲ್ ವ್ಯತ್ಯಾಸವಾದರೂ ತೀರ್ಪನ್ನು ವಾಲಿಸಬಲ್ಲುದು. ಆದುದರಿಂದ ಎರಡರ ಮಟ್ಟವನ್ನೂ ಸಮನಾಗಿಸಿಕೊಂಡ ಹೊರತು ಹೋಲಿಕೆಯು ಹೋಲಿಕೆಯೇ ಅಲ್ಲ.

ಕಣ್ಣೂ ಮೋಸಮಾಡುತ್ತದೆ. ಕೆನಡಾ ದೇಶದ ರಾಷ್ಟ್ರೀಯ ಸಂಶೋಧನ ಮಂಡಲಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿಯು ಧ್ವನಿವರ್ಧಕಗಳನ್ನು ತೆರೆಯ ಹಿಂದಿರಿಸಿ ಕೇಳುಗರಿಂದ ಅಂಕ ಹಾಕಿಸಿದನು. ೧೯೮೫ ಮತ್ತು ೧೯೮೬ರಲ್ಲಿ ಪ್ರಕಟವಾದ ಆ ಫಲಿತಾಂಶಗಳಿಂದ ತಿಳಿದುಬಂದುದು ಇದು: ಎಲ್ಲ ಸ್ವರಗಳನ್ನೂ ಸಮನಾಗಿಯೂ, ಮುಂದಕ್ಕಲ್ಲದೆ ಪಕ್ಕಗಳಿಗೂ ನುಣುಪಾಗಿಯೂ ಬೀರುವ ಧ್ವನಿವರ್ಧಕವನ್ನೇ ಬಹುಮಂದಿ ಮೆಚ್ಚುತ್ತಾರೆ. ೧೯೯೪ರಲ್ಲಿ ಟೂಲನೂ ಶಾನ್ ಆಲಿವ್ ಎಂಬುವನೂ ಸೇರಿ, ತೆರೆಯನ್ನು ಸರಿಸಿ ಧ್ವನಿವರ್ಧಕವನ್ನು ಕಾಣುವಂತೆ ಮಾಡಿದೊಡನೆ ಅದೇ ಕೇಳುಗರ ಅಂಕಗಳು ಬದಲಾಗುವುದನ್ನು ತೋರಿಸಿದರು.

ಮನೆಯಲ್ಲೊಂದು ಪ್ರಯೋಗ

ಮೇಲಿನ ವಿಷಯಗಳಲ್ಲಿ ಕೆಲವನ್ನಾದರೂ ವಾಚಕರು ತಾವೇ ಪರೀಕ್ಷಿಸಬಹುದು. ದಪ್ಪ ಕಾಗದವನ್ನು ಒಂದು ತುದಿ ಕಿರಿದಾಗಿಯೂ ಇನ್ನೊಂದು ಅಗಲವಾಗಿಯೂ ಇರುವಂತೆ ಸುತ್ತಿ, ಕಿರಿದಾದ ತುದಿಯನ್ನು ಮೊಬೈಲ್ ದೂರವಾಣಿಯ ಧ್ವನಿರಂಧ್ರಕ್ಕೆ ಹಿಡಿಯಿರಿ. ಧ್ವನಿಯು ಬಲವಾಗುವುದನ್ನೂ, ನೇರವಾಗಿ ಕುಳಿತವನಿಗೆ ಹೆಚ್ಚು ಕೇಳುವುದನ್ನೂ, ಅದೇ ಹಾಡು ಕೊಂಚ ಮೂಗಿನದಾಗುವುದನ್ನೂ ಗಮನಿಸಿ. ತರುವಾಯ ಅದೇ ದೂರವಾಣಿಯನ್ನು ಉಕ್ಕಿನ ಲೋಟದೊಳಗಿಡಿ. ಆಗಲೂ ಧ್ವನಿ ಬಲವಾಗುತ್ತದೆ. ಆದರೆ ಒಂದೇ ಸ್ವರವು ಎದ್ದು ಕಾಣುತ್ತದೆ. ಅದು ಲೋಟದ ಗಾಳಿಯ ಅನುರಣನೆ. ಹೊಂದಿಸುವುದಕ್ಕೂ ಅನುರಣಿಸುವುದಕ್ಕೂ ಇರುವ ಭೇದವು ಈ ಎರಡು ನಿಮಿಷಗಳಲ್ಲಿ ಮನದಟ್ಟಾಗುವುದು.

ಕೊನೆಯ ಮಾತು

ಕಹಳೆ ಉತ್ತಮವೋ ಶಂಕು ಉತ್ತಮವೋ ಎಂಬ ಪ್ರಶ್ನೆಗೆ, ಯಾವ ಕೋಣೆಗೆ, ಯಾವ ದೂರಕ್ಕೆ, ಎಷ್ಟು ಧ್ವನಿಗೆ ಎಂದು ಮರುಪ್ರಶ್ನೆ ಕೇಳದೆ ಉತ್ತರಿಸಲಾಗದು. ವಿಶಾಲವಾದ ಹಜಾರವೂ ಗಟ್ಟಿಯಾದ ಮೂಲೆಗಳೂ ಇದ್ದು, ಕಚೇರಿಯನ್ನು ಅದರ ನಿಜವಾದ ಏರಿನಲ್ಲಿ ಕೇಳಬಯಸುವವನಿಗೆ ಚೆನ್ನಾಗಿ ರಚಿಸಿದ ಕಹಳೆಯು ಕೊಡುವ ನಿರಾಯಾಸವಾದ ಧ್ವನಿಯನ್ನು ಚಿಕ್ಕ ಪೆಟ್ಟಿಗೆಯು ಕೊಡಲಾರದು. ಮೂರು ನಾಲ್ಕು ಮೀಟರಿನ ಕೋಣೆಯಲ್ಲಿ ಹಿತವಾದ ಮಟ್ಟದಲ್ಲಿ ಕೇಳುವವನಿಗೆ ಒಳ್ಳೆಯ ಪೆಟ್ಟಿಗೆಯೇ ಸಾಕು. ಅದೇ ಹಣಕ್ಕೆ ಕೊಳ್ಳುವ ಕೀಳು ಕಹಳೆಗಿಂತ ಅದು ಸಂಗೀತಕ್ಕೆ ಹೆಚ್ಚು ನಿಷ್ಠವಾಗಿರುವುದು.

ಇನ್ನೊಂದು ಎಚ್ಚರಿಕೆಯ ಮಾತನ್ನು ತರುಣ ವಾಚಕರಿಗೆ ಹೇಳದೆ ನಾವು ಮುಗಿಸಲಾರೆವು. ವಿಕೃತಿಯಿಲ್ಲದ ಧ್ವನಿಯು ಎಷ್ಟು ಜೋರಾಗಿದ್ದರೂ ಜೋರೆನಿಸದು. ಗುಂಡಿಯು ತಾನಾಗಿ ಮೇಲೇರುತ್ತದೆ. ೮೦ ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ ೪೦ ಗಂಟೆಗಳಿಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಕೆಟ್ಟುಹೋದ ಧ್ವನಿವರ್ಧಕಕ್ಕೆ ಬದಲಿ ಸುರುಳಿ ಸಿಗುತ್ತದೆ. ಒಳಗಿವಿಯಲ್ಲಿ ನಶಿಸಿದ ಸೂಕ್ಷ್ಮರೋಮಕೋಶಗಳಿಗೆ ಬದಲಿಯಿಲ್ಲ. ಕಹಳೆಯಿರಲಿ, ಶಂಕುವಿರಲಿ, ಅವೆರಡರ ಬೆಲೆಯನ್ನೂ ಕಟ್ಟಬೇಕಾದುದು ಆ ಕಿವಿಯೇ.